ಪ-ಕ್ಕೆ ಒತ್ತು

ಬಹುಮಾನಕ್ಕೆ ಸ್ಟೀಲ್ ಲೋಟ ಕೊಡುತ್ತೇವೆಂದರು ದಾನಿಗಳು.
ಬೇಡವೆನ್ನಲು ನಾನು ಯಾರು?
ಹಗಲೆಲ್ಲ ಬಂದರಿನ ಕಚೇರಿಯಲ್ಲಿ ಗುಮಾಸ್ತ,
ರಾತ್ರಿ ಎಂಟರಿಂದ ಹತ್ತೂವರೆ ಮಾಸ್ತರ.
ಹಗಲು ಶಾಲೆಯವರ ಬೆಂಚು, ಅವರದೇ ಹಲಗೆ,
ಅವರು ಅಳಿಸದೆ ಬಿಟ್ಟ ಮರಾಠಿ ಸುಭಾಷಿತದ ಕೆಳಗೆ
ನಮ್ಮ ಕಾಗುಣಿತ.

ಲೋಟ! ಬೋರಾ ಬಜಾರಿನ ಹೋಟೆಲುಗಳಲ್ಲಿ
ದಿನಕ್ಕೆ ನಾನೂರು ಲೋಟ ತೊಳೆದು ಬರುವವರಿಗೆ.
ಸೋಡಾಪುಡಿಗೆ ಬೆರಳ ತುದಿ ಬೆಳ್ಳಗೆ ಸುಲಿದು
ಪೆನ್ಸಿಲು ಹಿಡಿದರೂ ಉರಿ ಎನ್ನುವವರಿಗೆ.

ಭುಲೇಶ್ವರದ ಪಾತ್ರೆ ಅಂಗಡಿಯಲ್ಲಿ
ಹೆಸರು ಕೊರೆಯುವವನಿಗೆ ಕನ್ನಡ ಬಾರದು.
ಚೀಟಿಯಲ್ಲಿ ಬರೆದುಕೊಟ್ಟೆ.
ರಂಗೋಲಿ ನೋಡಿ ರಂಗೋಲಿ ಇಟ್ಟ ಹಾಗೆ
ಟಕಟಕ ಟಕಟಕ ಚುಕ್ಕಿ ಹೊಡೆದ.

ಶನಿವಾರ ರಾತ್ರಿ.
ಚಪ್ಪಾಳೆ ಮೆಲ್ಲಗೆ, ಎಂದು ಮೊದಲೇ ಹೇಳಿದ್ದೆ.
ಗೋಡೆಯಾಚೆ ಕಾವಲುಗಾರನ ಹಸುಗೂಸು ಮಲಗಿರುತ್ತದೆ;
ಒಂದೇ ಬೆರಳಿಂದ ಅಂಗೈ ತಟ್ಟುವುದು ನಮ್ಮ ಶಾಲೆಯ ಪದ್ಧತಿ.
"ಎಂಟು ತಿಂಗಳಲ್ಲಿ ಎಲ್ಲರಿಗಿಂತ ಮುಂದೆ ಬಂದವನು
ಐತಪ್ಪ ಕೊರಗಪ್ಪ ಬಂಗೇರ."

ಯಾರೂ ಏಳಲಿಲ್ಲ.
ಇನ್ನೊಮ್ಮೆ ಕೂಗಿದೆ. ಐತಪ್ಪನೂ ಹಿಂದೆ ತಿರುಗಿ ನೋಡಿದ,
ಯಾರಪ್ಪಾ ಇಷ್ಟುದ್ದ ಹೆಸರಿನವನು ಎಂಬಂತೆ.
ಹೋಟೆಲಿನಲ್ಲಿ ಅವನು 'ಏ ಪೋರ'.
ಇಲ್ಲಿ, ಹೊತ್ತು ಉಳಿಸಲೆಂದು,
ನಾನೇ ಇಟ್ಟ ಹೆಸರು ಇಪ್ಪತ್ತಮೂರು.
ಹಾಗೆ ಕರೆದ ಮೇಲೆ ಎದ್ದ.

ಲೋಟ ಕೈಗೆ ಬಂದದ್ದೇ
ಬೋರಲು ಮಾಡಿ ನೀರು ಕೊಡವಿದ. ಒಣ ಲೋಟ.
ಎಲ್ಲರೂ ನಕ್ಕರು, ಅವನೂ.
ಆಮೇಲೆ ದೀಪದ ಕಡೆ ಹಿಡಿದು
ತುಟಿಯಲ್ಲೇ ಓದಿಕೊಂಡ: ಐ... ತ... ಪ...
ನಿಂತ. ಸುಲಿದ ಬೆರಳಿಂದ ತಡವಿ ನೋಡಿದ.
"ಸಾರ್, ಪ-ಕ್ಕೆ ಒತ್ತಿಲ್ಲ."

ಚೀಟಿಯಲ್ಲಿ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.
ಎರಡು ದಿನ ಆ ಲೋಟ ನನ್ನ ಮನೆಯ ಮೇಜಿನ ಮೇಲಿತ್ತು.
ದಾನಿಗಳ ಹೆಸರು ಸರಿಯಿದೆಯೇ ಎಂದು
ಮೂರು ಸಲ ನೋಡಿದ್ದೆ.

ಕಡೇ ಬೆಂಚಿನ ತನಿಯ
ಎರಡೂ ಕೈ ಎತ್ತಿ ತಟ್ಟಿಯೇಬಿಟ್ಟ.
ಅವನ ಹಿಂದೆ ಇಡೀ ಕೋಣೆ.
ಗೋಡೆಯಾಚೆ ಕೂಸು ಬೆಚ್ಚಿ ಅತ್ತಿತು,
ತಾಯಿ ಬೈದದ್ದೂ ಕೇಳಿಸಿತು,
ನಿಲ್ಲಿಸಿರೆನ್ನಲು ನನಗೆ ಬಾಯಿ ಬರಲಿಲ್ಲ.

ಬದಲಾಯಿಸಿ ತರುತ್ತೇನೆಂದೆ. ಬೇಡ ಸಾರ್ ಎಂದ.
ಯಾರದೋ ಕೈವಾರ ಇಸಕೊಂಡು
ಬೆಂಚಿನ ಅಂಚಿಗೆ ಲೋಟ ಆನಿಸಿ, ನಾಲಿಗೆ ಕಚ್ಚಿ
ಪ-ದ ಬುಡದಲ್ಲಿ ಗೀರತೊಡಗಿದ.
ಹಲ್ಲು ಜುಮ್ಮೆನ್ನುವ ಸದ್ದು.
ಕಡೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ಯಾರೂ ಕದಲಲಿಲ್ಲ.
ಸೊಟ್ಟಗೆ ಬಂತು. ಬಂತು.

ಸೋಮವಾರ ಹಾಜರಿ ಪುಸ್ತಕ ತೆರೆದು
ಒಬ್ಬೊಬ್ಬರನ್ನೂ ಅಪ್ಪನ ಹೆಸರು ಸಮೇತ ಕೂಗಿದೆ.
ಹತ್ತು ನಿಮಿಷ ಹಿಡಿಯಿತು.
ಅಂದು ಮಗ್ಗಿ ಹದಿನೇಳರವರೆಗೆ ಹೋಗಲಿಲ್ಲ.