ಗುರ್ರ್

ಮರಿಯಲ್ಲೇ ಕಿವಿ ಕತ್ತರಿಸಿದ್ದರು, ತೋಳನ ಹಲ್ಲಿಗೆ ಸಿಗದಿರಲೆಂದು.
ಹಾಗಾಗಿ ಬಸಾರನ ಸಿಟ್ಟು ಓದಲು
ನನೂಲಿಗೆ ಉಳಿದದ್ದು ಗಂಟಲೊಂದೇ.

ಅದನ್ನೂ ತಮ್ಮ ಜುಂಬೇರ್
ಗುರ್ರೆಂದಾಗಲೆಲ್ಲ ಬೆಲ್ಟು ಬೀಸಿ ಮುಚ್ಚಿಸಿದ್ದ.
ಬೊಗಳುವ ನಾಯಿ ಕಚ್ಚುವುದಿಲ್ಲವಂತೆ;
ಬಾಯಿ ಕಟ್ಟಿಸಿಕೊಂಡದ್ದು
ಸದ್ದಿಲ್ಲದೆ ಅವನ ಮಣಿಕಟ್ಟು ಹಿಡಿಯಿತು.
ಏಳು ಹೊಲಿಗೆ.

ತ್ಬಿಲಿಸಿಯ ನಾಲ್ಕನೇ ಮಹಡಿ. ಚಳಿಗಾಲವಿಡೀ
ಬೋಗುಣಿಯಿಂದ ಆರು ಹೆಜ್ಜೆ ದೂರ
ಬೆನ್ನು ಅರ್ಧ ತಿರುಗಿಸಿ ಕೂತು
ಚೀಸಿನ ಚೂರು ಎಸೆದಳು.
ಆರು ಐದಾಯಿತು. ಒಂದು ದಿನ ಮತ್ತೆ ಏಳು.

ಇವತ್ತು, ಮೂರರಲ್ಲಿ,
ಹಳೇ ಟ್ರಕ್ಕು ದೂರದ ದಿಣ್ಣೆ ಏರುವಂತೆ
ಒಂದು ಸಣ್ಣ ಗುರ್ರ್.

ಜುಂಬೇರ್ ಬಾಗಿಲಲ್ಲೇ ಬಿಳಿಚಿಕೊಂಡ.
ನನೂಲಿ ಒಂದು ಹೆಜ್ಜೆ ಹಿಂದೆ ಸರಿದು
"ಕೇಳಿಸಿತು ಕಣೋ" ಎಂದಳು,
ನಾಯಿಗೆ.