ಅಡವಿಟ್ಟ ಅಂಗಿ

ಕಾಟೆ ಹಬ್ಬಕ್ಕೆ ಇನ್ನು ಮೂರೇ ದಿನ.
ರಗ್ಲಾಯ್ ಹಟ್ಟಿಯ ಮುದುಕಿ ಹನೋಯ್
ಅಟ್ಟದಿಂದ ಬೆತ್ತದ ಪೆಟ್ಟಿಗೆ ಇಳಿಸಿ
ಮುಚ್ಚಳ ತೆಗೆಯುವ ಮುನ್ನ ಕೆಮ್ಮುತ್ತಾಳೆ,
ಒಳಗಿರುವವನಿಗೆ ಎಚ್ಚರವಾಗಲಿ ಎಂದು.

ದೊರೆ ಪೊ ತಬಾಯನ ಅಂಗಿ.
ರೇಷ್ಮೆಯಂತೆ; ಈಗ ಈರುಳ್ಳಿ ಸಿಪ್ಪೆ.

"ನೋಡು ತೋಯ್, ತೋಳಿನ ಅಂಚು ಬಿಳಿಚಿದೆ. ಉಪ್ಪು.
ಹುಡುಗನಾಗಿ ಉಪ್ಪಿನ ಮಡಿಯಲ್ಲಿ ಕೂಲಿ ಮಾಡಿದವನು,
ಪಟ್ಟವಾದ ಮೇಲೂ ಬುಟ್ಟಿ ಕಂಡರೆ ಕೈಹಾಕುತ್ತಿದ್ದ.
ಮೊಣಕೈಗೆ ಕೆಸರು: ಕಾಲುವೆ ಅಗೆಸಿದ ಏಳು ವರ್ಷ.
ಅಗೆಸಿದ ಏನು, ಅಗೆದ.
ನೀರು ಎರಡು ಸಲ ಹಿಂದಕ್ಕೆ ಹರಿದು
ಅವನ ಕಾಲಬುಡದಲ್ಲೇ ನಿಂತಿತು.
ಊರು ನಕ್ಕಿತು. ಅವನೂ."

ಗುಡ್ಡದ ಕೆಳಗೆ ಪಾಂಡುರಂಗ.
ನಮಗದು ದೇವರ ಹೆಸರು, ಅವರಿಗೆ ನಾಡಿನದು;
ಇಟ್ಟಿಗೆಯ ಮೇಲೆ ನಿಂತು ಕಾಯುವುದು ಮಾತ್ರ
ಎರಡಕ್ಕೂ ಒಂದೇ.

"ಯುದ್ಧ?"
"ಕಲ್ಲಿನ ಮೇಲಿವೆ, ಗೆದ್ದವು.
ಸೋತದ್ದು ಇಗೋ, ಪಕ್ಕೆಯಲ್ಲಿ: ಮುಳ್ಳುಕಂಟಿಯ ಮೂರು ಗೀರು.
ಆ ರಾತ್ರಿ ಈ ಗುಡ್ಡ ಹತ್ತಿದ.
ಜೊತೆಗೆ ಹದಿನೆಂಟು ಜನ, ಒಂದು ಕೂಸು, ಒಂದು ಹುಂಜ.
ನಮ್ಮವರು ಅಡ್ಡಬೀಳಲಿಲ್ಲ; ನವಣೆ ಇದೆ ಎಂದರು.
ಮೂರು ಬುಟ್ಟಿಗೆ ಕಿರೀಟ ಕೊಡಹೋದ.
ಚಳಿಗೆ ಆಗದ್ದು ನಮಗೇಕೆ,
ಎಂದಳಂತೆ ನನ್ನ ಅಜ್ಜಿಯ ಅಜ್ಜಿಯ ಅಜ್ಜಿ.
ಅಂಗಿ ಕಳಚಿಟ್ಟ:
ಮುಂದಿನ ಸುಗ್ಗಿಗೆ ಬಿಡಿಸಿಕೊಳ್ಳುತ್ತೇನೆ.
ಬರಿಮೈಯಲ್ಲಿ ದಕ್ಷಿಣಕ್ಕೆ ಹೋದ.
ಸುಗ್ಗಿ ಬಂತು."

ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸುತ್ತಾಳೆ.
ತಲೆಮಾರಿಗೊಂದು ತೇಪೆ. ಈಗ ಬಹುಪಾಲು ಗುಡ್ಡದ ಹತ್ತಿಯೇ.
ಕಲೆಗಳನ್ನೂ ಬಿಡದೆ ಹೊಲಿಯುತ್ತ ಬಂದಿದ್ದಾರೆ,
ಉಪ್ಪಿಗೆ ಬಿಳಿ ನೂಲು, ಕೆಸರಿಗೆ ಕೆಂಪು.
ದೊರೆ ಉಳಿದಿರುವುದು ಎಡಗಂಕುಳ ಹತ್ತಿರ,
ಅಂಗೈಯಗಲ.

ಹಬ್ಬದ ಬೆಳಗ್ಗೆ ಗಿನಾಂಗ್ ಡೋಲು, ಸರನಾಯ್ ಮುಂದೆ,
ಪೆಟ್ಟಿಗೆ ಹಿಂದೆ, ಈರುಳ್ಳಿ ಹೊಲ ದಾಟಿ
ಗೋಪುರಕ್ಕೆ ಇಳಿಯುತ್ತದೆ ಮೆರವಣಿಗೆ.
ಚಾಮ್ ಪೂಜಾರಿ ಕಲ್ಲಿನ ದೊರೆಯ ಮೈತೊಳೆದು
ಅಂಗಿ ತೊಡಿಸುತ್ತಾನೆ.
ಕಲ್ಲಿಗೆ ಕೈಗಳಿಲ್ಲ. ತೋಳುಗಳು ಜೋತಾಡುತ್ತವೆ.
ಹೊರಗೆ ಗಾಳಿ, ಮೇಕೆಗಳು, ಐಸ್‌ಕ್ಯಾಂಡಿ ಗಂಟೆ.

ಹನೋಯ್ ಬಾಗಿಲಲ್ಲೇ ಕೂತಿದ್ದಾಳೆ, ಎಲೆ ಜಗಿಯುತ್ತ,
ಸಂಜೆ ಎಣಿಸಿ ವಾಪಸು ಪಡೆಯಲು:
ಏಳು ಗುಂಡಿ, ಎರಡು ಲಾಡಿ.

"ಅಜ್ಜೀ, ಬಡ್ಡಿ ಎಷ್ಟಾಗಿರಬಹುದು?"

"ಸುಮ್ಮನಿರೇ,
ಅವನಿಗೆ ಕೇಳಿಸೀತು."