ಮಸಿ ಸುಡುವ ದಾರಿ

ಇದ್ದದ್ದು ಹದಿನೆಂಟು ನೂರು ಪೌಂಡು.
ಅದರಲ್ಲಿ ಮುನ್ನೂರು ತಂಡಿವೆಯದು,
ಭಾನುವಾರ ಚರ್ಚಿಗೆ ಹೋಗಲು
ಮುಂದಿನ ಸೀಟು ಖಾಯಂ ಎಂಬ ಕರಾರಿಗೆ.

ಶೆಫೀಲ್ಡಿನಲ್ಲಿ ನಸುಕಿನ ನಾಲ್ಕಕ್ಕೆ ನಮ್ಮ ಬೀದಿಗೆ ಬಸ್ಸಿಲ್ಲ,
ಕೂಸುಗಳಿಗೆ ಮಾತ್ರ ಅದೇ ಹೊತ್ತು ಇಷ್ಟ.
ಸೂಲಗಿತ್ತಿ ವಿದ್ಯೆ ಕಲಿಯಲು ಬಂದವಳು
ಟ್ಯಾಕ್ಸಿಯ ಚೀಟಿಗಳನ್ನೆಲ್ಲ ಒಂಟಿ ಕಾಲುಚೀಲಕ್ಕೆ ತುರುಕುತ್ತಿದ್ದೆ;
ಅದು ಕಾಲಿನಷ್ಟೇ ದಪ್ಪವಾದ ದಿನ
ಹಳೆಯದೊಂದು ಕಾರು ಎಂದು ತೀರ್ಮಾನ.

ಡೀಸೆಲ್ಲೋ ಪೆಟ್ರೋಲೋ?
ಕೇಳಿದವರೆಲ್ಲ ಪಂಡಿತರೇ.
ತಂಡಿವೆಯ ಮಾವ ಫೋನಿನಲ್ಲಿ: ಡೀಸೆಲ್ಲು,
ಗ್ಯಾಲನ್ನಿಗೆ ಅರವತ್ತು ಮೈಲಿ, ಕಣ್ಣು ಮುಚ್ಚಿ ಕೊಳ್ಳಿ.
ಕೆಳಮನೆಯ ಪೋಲಿಷ್ ಹುಡುಗ: ಪೆಟ್ರೋಲು,
ಕೆಟ್ಟರೂ ಅಗ್ಗಕ್ಕೆ ಕೆಡುತ್ತದೆ.
ವಿಮೆಯವಳು ಎರಡಕ್ಕೂ ಒಂದೇ ದನಿಯಲ್ಲಿ
ಕಾರಿಗಿಂತ ದೊಡ್ಡ ಮೊತ್ತ ಹೇಳಿದಳು.

ನನ್ನ ಮೂಗು ಆಗಲೇ ಮತ ಹಾಕಿಯಾಗಿತ್ತು.
ಇಳಕಲ್ಲಿನಲ್ಲಿ ಚಿಗವ್ವನದು ಹಿಟ್ಟಿನ ಗಿರಣಿ,
ಕರೆಂಟು ಹೋದರೆ ಡೀಸೆಲ್ ಎಂಜಿನ್ನು.
ಹ್ಯಾಂಡಲ್ಲು ತಿರುವಿ ದಡಕ್ಕನೆ ಹಿಂದೆ ಸರಿದು
‘ಬಾಯಿ ಬಿಡ್ತ ನೋಡವಾ’ ಅನ್ನುತ್ತಿದ್ದಳು.
ರೆಪ್ಪೆಗೆ ಹಿಟ್ಟು, ಬೆರಳಿಗೆ ಮಸಿ,
ಎರಡನ್ನೂ ಒಂದೇ ಸೆರಗಿಗೆ ಒರೆಸುವಳು.

ಹಾಗಾಗಿ ವಾಕ್ಲಿಯ ಏರು ಹತ್ತಿ ಹೋದೆ.
ಚಕ್ರವನ್ನು ಕಲ್ಲಂಚಿಗೆ ತಿರುಗಿಸಿ ನಿಲ್ಲಿಸಿದ
ನೀಲಿ ಡೀಸೆಲ್ಲು, ಹನ್ನೆರಡು ವರ್ಷದ್ದು.
ಮಾಲೀಕ ಕ್ಲಿಫರ್ಡ್, ಚಾಕುಗಳಿಗೆ ಸಾಣೆ ಹಿಡಿದೇ
ಬೆರಳ ತುದಿ ಸವೆಸಿಕೊಂಡವನು.
‘ದಿನಕ್ಕೆಷ್ಟು ಓಡಿಸ್ತೀಯ?’
‘ಮೂರು ಮೈಲಿ ಹೋಗೋದು, ಮೂರು ಬರೋದು.’
‘ಹಾಗಾದರೆ ಬೇಡ.’
ಬೀಗದ ಕೈ ಮತ್ತೆ ಜೇಬಿಗಿಳಿಯಿತು.

ಕುಕ್ಕರುಗಾಲಿನಲ್ಲಿ ಕೂತು ಕಾರಿನ ಹೊಟ್ಟೆಯ ಕಡೆ ಬೆರಳು ಮಾಡಿದ:
ಒಳಗೊಂದು ಜರಡಿ ಇದೆ, ಮಸಿ ಹಿಡಿಯುತ್ತದೆ.
ದೂರದ ದಾರಿಯಲ್ಲಿ ನಿಗಿನಿಗಿ ಕಾದರಷ್ಟೇ
ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ.
ಗಿಡ್ಡ ಗಿಡ್ಡ ಓಡಾಟಕ್ಕೆ ಕಟ್ಟಿಕೊಂಡು ಸಾಯುತ್ತದೆ.
‘ಇದೂ ಈಗ ಕಟ್ಟಿದೆ.’
ಹೌದು, ಸ್ಟೇರಿಂಗಿನ ಹಿಂದೆ ಹಳದಿ ದೀಪ.
ಬ್ರೆಂಡಾ ಇದ್ದಾಗ ವಾರವಾರವೂ ವಿಟ್ಬಿ ಕಡಲು,
ಈಗ ಔಷಧದಂಗಡಿ, ಹಾಲು, ಮನೆ.

ಕೋಣೆ, ಲೈಬ್ರರಿ, ವಾರ್ಡು, ಕೋಣೆ.
ನನ್ನ ಮೈಲಿಗಳನ್ನು ನಾನೂ ಎಣಿಸಿಕೊಂಡೆ.

‘ಬರ್ತೀಯಾ? ಅರ್ಧ ಗಂಟೆ.’
ಎಂ-ಒನ್ ಹೆದ್ದಾರಿ. ನಾಲ್ಕನೇ ಗೇರು ಬಿಡದೆ
ಅರವತ್ತಕ್ಕೆ ಒಯ್ದು ಹಾಗೇ ಹಿಡಿದ.
ಎಂಜಿನ್ನು ಗಿರಣಿಯ ಹಾಗೆ ಒರಲಿತು.
ಬಾಯಿ ಬಿಡದ ಕೂಸೊಂದು
ಹಿಂದಿನ ಮಂಗಳವಾರ ನನ್ನ ಕೈಗೆ ಬಂದಿತ್ತು,
ಬೆಚ್ಚಗೇ ಇತ್ತು, ಅದನ್ನು
ಯಾರಿಗೂ ಹೇಳಿರಲಿಲ್ಲ, ತಂಡಿವೆಗೂ.
ವುಡಾಲ್ ದಾಟುವಾಗ ಹೇಳಿದೆ. ಕನ್ನಡದಲ್ಲಿ.
ಅವನು ರಸ್ತೆಯಿಂದ ಕಣ್ಣು ಕೀಳದೆ
ನನ್ನ ಕಡೆಯ ಗಾಜನ್ನು ಬೆರಳಷ್ಟು ಇಳಿಸಿದ.
ದೀಪ ಯಾವಾಗ ಆರಿತೋ ಇಬ್ಬರೂ ನೋಡಲಿಲ್ಲ.

ಆ ಕಾರು ಅವನು ಮಾರಲಿಲ್ಲ.
ರಾಥರಮಿನ ಮಾಸ್ತರಿಣಿಯೊಬ್ಬಳಿಂದ
ಕೆಂಪು ಪೆಟ್ರೋಲು ಕೊಂಡೆ, ಒಂದೇ ಲೀಟರಿನ ಎಂಜಿನ್ನು;
ಏರು ಬಂದರೆ ತಂಡಿವೆ
ಉಸಿರು ಬಿಗಿಹಿಡಿದು ಹಗುರಾಗಲು ನೋಡುತ್ತಾಳೆ.

ಮೊದಲ ಸಲ ಬಂಕಿನಲ್ಲಿ, ನಸುಕು.
ಹಸಿರು ಮೂತಿ ಪೆಟ್ರೋಲಿಗೆ, ಕಪ್ಪು ಡೀಸೆಲ್ಲಿಗೆ,
ಮೂರು ಸಲ ಓದಿ ಹಸಿರನ್ನೇ ಎತ್ತಿದೆ.
ಪಕ್ಕದಲ್ಲಿ ವ್ಯಾನಿನವನೊಬ್ಬ ಕಪ್ಪನ್ನು ಹಿಡಿದಿದ್ದ,
ಗಾಳಿ ಈ ಕಡೆಗಿತ್ತು.
ದುಡ್ಡು ಕೊಟ್ಟ ಮೇಲೂ, ವಾರ್ಡಿಗೆ ಹೊತ್ತಾಗುತ್ತಿದ್ದರೂ,
ಮುಂದಿನ ಗಾಜು ಒರೆಸುತ್ತ ನಿಂತೆ.
ಒರೆಸುವಂಥದ್ದೇನೂ ಇರಲಿಲ್ಲ.